ಆರನೇ ಬೀದಿಯಿಂದ ವಾಪಸ್

ಟಾಂಗಾದ ಏಳನೇ ಬೀದಿಯಲ್ಲಿ ಒಂದು ಹಸಿರು ಬಾಗಿಲಿದೆ. ಎದುರು ಕಲ್ಲಿನ ಜಗಲಿ. ಬಾಗಿಲಿನ ಕೆಳಭಾಗದಲ್ಲಿ ಬಣ್ಣ ಚಕ್ಕೆಯೆದ್ದು ಒಳಗಿನ ಮರ ಕಾಣುತ್ತದೆ. ಟಿಲ್‌ಬರ್ಗ್‌ನ ನನ್ನ ಅಡುಗೆಮನೆಯಲ್ಲಿ ಕುಳಿತು ಕಣ್ಣು ಮುಚ್ಚಿದರೆ ಇದೆಲ್ಲ ಈಗಲೂ ಸ್ಪಷ್ಟವಾಗಿ ಕಾಣುತ್ತದೆ. ತೊಂದರೆ ಇಷ್ಟೇ, ಆ ಬೀದಿಗೆ ನಾನು ಹೋಗಿಯೇ ಇಲ್ಲ.

ಇದು ಹೇಗಾಯಿತು ಎಂದು ಬರೆದಿಡುತ್ತಿದ್ದೇನೆ. ನನ್ನ ನೆನಪಿನ ಮೇಲೆ ನನಗೆ ಭರವಸೆ ಇಲ್ಲದ್ದರಿಂದಲೇ ಹದಿನೈದು ವರ್ಷಗಳಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ಬರೆದದ್ದನ್ನು ತೆಗೆದು ಓದುವ ಅಭ್ಯಾಸ ಮಾತ್ರ ಇಟ್ಟುಕೊಂಡಿರಲಿಲ್ಲ. ಔಷಧಿ ಕೊಂಡು ತಂದು ಕಪಾಟಿನಲ್ಲಿಟ್ಟರೆ ಕಾಯಿಲೆ ವಾಸಿಯಾಗುತ್ತದೆ ಎಂದು ನಂಬುವ ಜನರ ಪೈಕಿ ನಾನು.

ಟಾಂಗಾ ಎಂಬುದು ಟಾಂಜಾನಿಯಾದ ಕರಾವಳಿಯ ಒಂದು ಬಂದರು. ನಾನು ನೆದರ್‌ಲ್ಯಾಂಡ್ಸ್‌ನ ಟಿಲ್‌ಬರ್ಗ್‌ನಲ್ಲಿ, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಗೋದಾಮುಗಳ ಬಗ್ಗೆ ಸಂಶೋಧನೆ ಮಾಡುತ್ತೇನೆ. ಯಾವ ಪೆಟ್ಟಿಗೆಯನ್ನು ಯಾವ ಮೂಲೆಯಲ್ಲಿಟ್ಟರೆ ಬೇಗ ಹೊರಗೆ ಹೋಗುತ್ತದೆ ಎಂಬುದು ನನ್ನ ಜೀವನದ ದೊಡ್ಡ ಪ್ರಶ್ನೆ. ಮೂರು ವರ್ಷದ ಹಿಂದೆ ಅದೇ ಪ್ರಶ್ನೆಯನ್ನು ಹೊತ್ತು ಹತ್ತು ದಿನ ಅಲ್ಲಿಗೆ ಹೋಗಿದ್ದೆ. ನಡುವೆ ಒಂದು ಭಾನುವಾರ ಬಿಡುವು ಸಿಕ್ಕಿತು. ಫೋನಿನಲ್ಲಿ ಹುಡುಕಿದಾಗ ಯಾರೋ ಪ್ರವಾಸಿ ಬರೆದ ಲೇಖನ ಕಣ್ಣಿಗೆ ಬಿತ್ತು: ಟಾಂಗಾದ ಹೆಚ್ಚಿನವರಿಗೆ ಗೊತ್ತಿಲ್ಲದ ಮುಖವನ್ನು ಕಾಲ್ನಡಿಗೆಯಲ್ಲಿ ನೋಡಿ, ಅಂತ. ಹೆಚ್ಚಿನವರಿಗೆ ಗೊತ್ತಿಲ್ಲದ ಆ ಮುಖ ಎಂದರೆ ಬಂದರಿನಿಂದ ಒಳಗೆ ಊರಿನ ಜನ ವಾಸವಾಗಿರುವ ಹಳೆಯ ಬಡಾವಣೆ. ಅಲ್ಲಿ ಹುಟ್ಟಿ, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡವರಿಗೆ ಅದು ಗೊತ್ತಿತ್ತು. ಆದರೆ ಅವರನ್ನು ಲೆಕ್ಕಕ್ಕೆ ಹಿಡಿದರೆ ಲೇಖನ ಬರೆಯಲು ಆಗುವುದಿಲ್ಲ.

ಆ ಬಡಾವಣೆಯ ಬೀದಿಗಳಿಗೆ ಸಂಖ್ಯೆಗಳೇ ಹೆಸರು. ಒಂದನೇ ಬೀದಿ, ಎರಡನೇ ಬೀದಿ, ಹೀಗೆ ಸಾಲಾಗಿ. ನೆದರ್‌ಲ್ಯಾಂಡ್ಸ್‌ನಲ್ಲಿದ್ದು ಬಂದವರಿಗೆ ಇದಕ್ಕಿಂತ ಸಂತೋಷ ಬೇರೆ ಇಲ್ಲ. ಈ ಡಚ್ ನಾಡಿನಲ್ಲಿ ನಡೆದಾಡುವುದೆಂದರೆ ಸಂಖ್ಯೆ ಬರೆದ ಕಂಬಗಳನ್ನು ಹಿಂಬಾಲಿಸುವುದು. ನಲವತ್ತೆರಡರಿಂದ ಹದಿನೇಳಕ್ಕೆ, ಹದಿನೇಳರಿಂದ ಅರವತ್ತಕ್ಕೆ. ದಾರಿ ತಪ್ಪುವ ಸುಖವನ್ನು ಕೂಡ ಪುರಸಭೆ ಮೊದಲೇ ಯೋಚಿಸಿ ತೆಗೆದುಹಾಕಿರುತ್ತದೆ. ಆಫ್ರಿಕಾದಲ್ಲೂ ನನಗೆ ಸಂಖ್ಯೆಗಳೇ ಸಿಕ್ಕವು. ಊರಿನ ತುಂಬ ಸೈಕಲ್ಲುಗಳೂ ಇದ್ದವು. ಇಷ್ಟು ದೂರ ಬಂದು ಕೊನೆಗೆ ಸೈಕಲ್ಲು ನೋಡುತ್ತಿದ್ದೇನಲ್ಲ ಎಂದು ಅಂದುಕೊಂಡದ್ದು ನೆನಪಿದೆ. ಅಥವಾ ಆಮೇಲೆ ಯಾರಿಗೋ ಹೇಳುವಾಗ ಅಂದುಕೊಂಡೆನೋ ಏನೋ.

ಈ ನಡಿಗೆಯ ಚಿತ್ರಗಳನ್ನು ಕಳೆದ ನವೆಂಬರಿನಲ್ಲಿ ರೈಸ್‌ವೈಕ್‌ನ ಒಂದು ಸಭಾಂಗಣದಲ್ಲಿ ತೋರಿಸಿದೆ. ನೆದರ್‌ಲ್ಯಾಂಡ್ಸ್‌ನ ಈ ಕಡೆಯ ಕನ್ನಡದವರು ರಾಜ್ಯೋತ್ಸವಕ್ಕೆ ಸೇರಿದ್ದರು. ಮನೆಮನೆಯಿಂದ ಅಡುಗೆ ತಂದಿದ್ದರು. ಮಕ್ಕಳ ವೇಷಭೂಷಣ ಮುಗಿದು ಬಿಸಿಬೇಳೆಬಾತ್ ಬಿಸಿಯಾಗುವವರೆಗೆ ಜನರನ್ನು ಹಿಡಿದಿಡಲು ಏನಾದರೂ ಬೇಕಿತ್ತು. ಏನಾದರೂ ಎಂಬ ಆ ಜಾಗಕ್ಕೆ ನನ್ನನ್ನು ಕರೆದರು.

ನಾನು ಚೆನ್ನಾಗಿಯೇ ಹೇಳಿದೆ. ಒಂದನೇ ಬೀದಿಯಲ್ಲಿ ಎಣ್ಣೆಯಲ್ಲಿ ಕರಿದ ಮಂಡಾಜಿ ಮಾರುವ ಹೆಂಗಸು. ಎರಡನೇ ಬೀದಿಯಲ್ಲಿ ಬಾಗಿಲಲ್ಲೇ ಮೆಷಿನ್ ಹಾಕಿಕೊಂಡ ದರ್ಜಿ. ಅಲ್ಲಿ ದಾರಿ ಕೇಳಿದರೆ ಮೊದಲು ಮನೆಯ ಸುದ್ದಿ, ಆಮೇಲೆ ಕೆಲಸದ ಸುದ್ದಿ, ಆಮೇಲೆ ಬೆಳಗಿನ ಸುದ್ದಿ ಕೇಳುತ್ತಾರೆ. ಎಲ್ಲದಕ್ಕೂ ಚೆನ್ನಾಗಿದೆ ಅನ್ನಬೇಕು. ಕೊನೆಗೆ ದಾರಿ ಅವರಿಗೂ ಗೊತ್ತಿರುವುದಿಲ್ಲ. ಪಕ್ಕದ ಅಂಗಡಿಗೆ ಕರೆದುಕೊಂಡು ಹೋಗಿ ನಮ್ಮನ್ನು ಒಪ್ಪಿಸುತ್ತಾರೆ. ಅಲ್ಲಿ ಮತ್ತೆ ಮನೆಯ ಸುದ್ದಿಯಿಂದ ಶುರು. ಹೀಗೆ ಕೈಯಿಂದ ಕೈಗೆ ದಾಟಿ ಬೀದಿ ಮೇಲೆ ಬೀದಿ ನಡೆದೆ ಎಂದೆ. ಜನ ನಕ್ಕರು. ಎಷ್ಟು ಬೀದಿ ಎಂದು ನಾನು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಬಿಸಿಬೇಳೆಬಾತ್ ಬಿಸಿಯಾಯಿತು.

ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ, ಉಡುಪಿ ಕಡೆಯ ಅಮ್ಮ ಒಬ್ಬರು ತಾವೇ ಮಾಡಿ ತಂದ ಪತ್ರೊಡೆಯನ್ನು ನನ್ನ ತಟ್ಟೆಗೆ ಹಾಕಿದರು. ಎಪ್ಪತ್ತೆಂಟು ವರ್ಷ. ಮಗಳ ಜೊತೆ ರೈಸ್‌ವೈಕ್‌ನಲ್ಲೇ ಇರುವವರು. ಗಾಲಿ, ಬ್ರೇಕು, ಸೀಟು ಇರುವ ಊರುಗೋಲನ್ನು ಇಲ್ಲಿ ರೋಲೇಟರ್ ಅನ್ನುತ್ತಾರೆ. ಅದನ್ನು ಹಿಡಿದು, ಅದರ ಸೀಟಿನ ಮೇಲೆ ಪತ್ರೊಡೆಯ ಪಾತ್ರೆಯನ್ನಿಟ್ಟು ತಳ್ಳಿಕೊಂಡು ಬಂದಿದ್ದರು.

"ನಾನು ಹುಟ್ಟಿದ್ದು ಟಾಂಗಾದಲ್ಲಿ, ಗೊತ್ತುಂಟಾ?" ಎಂದರು. "ಏಳನೇ ಬೀದಿ. ಅಪ್ಪನ ಹೊಲಿಗೆ ಅಂಗಡಿ ಇತ್ತು ಅಲ್ಲಿ. ಹನ್ನೊಂದು ವರ್ಷ ಆಗುವಾಗ ಬಿಟ್ಟು ಬಂದದ್ದು. ನೀವು ಏಳನೇ ಬೀದಿಗೆ ಹೋಗಿದ್ರಾ?"

ಕೈಯಲ್ಲಿ ಅವರು ಬಡಿಸಿದ ಪತ್ರೊಡೆ. ನಮ್ಮ ಕಡೆ ಹಿರಿಯರು ಆಸೆಯಿಂದ ಕೇಳಿದ್ದಕ್ಕೆ ಇಲ್ಲ ಅನ್ನುವುದು, ಬಡಿಸಿದ್ದನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆದ ಹಾಗೆ.

"ಹೂಂ ಅಮ್ಮ, ಹೋಗಿದ್ದೆ."

"ನಮ್ಮ ಮನೆ ಉಂಟಾ ಈಗ? ಹಸಿರು ಬಾಗಿಲು. ಎದುರು ಕಲ್ಲಿನ ಜಗಲಿ."

ಅವರು ಹೇಳಿದ ಕ್ಷಣಕ್ಕೆ ಬಾಗಿಲು ನನ್ನ ಕಣ್ಣಮುಂದೆ ಬಂತು. ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ಅನ್ನಿಸಲೇ ಇಲ್ಲ. ಮರೆತದ್ದನ್ನು ಯಾರೋ ಪುಣ್ಯಾತ್ಮರು ನೆನಪಿಸಿದರು ಎಂದೇ ಅನ್ನಿಸಿತು.

"ಇದೆ ಅಮ್ಮ, ನೋಡಿದೆ. ಬಣ್ಣ ಸ್ವಲ್ಪ ಹೋಗಿದೆ ಅಷ್ಟೇ."

"ಜಗಲಿ ಮೇಲೆ ಯಾರಾದರೂ ಕೂತಿದ್ರಾ?"

ಇಲ್ಲಾದರೂ ನಿಲ್ಲಿಸಬಹುದಿತ್ತು. ಖಾಲಿ ಜಗಲಿ ಎಂದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಅಷ್ಟು ಒಳ್ಳೆಯ ಜಗಲಿಯನ್ನು ಖಾಲಿ ಬಿಡಲು ನನಗೆ ಮನಸ್ಸಾಗಲಿಲ್ಲ.

"ಒಬ್ಬರು ಅಜ್ಜ ಕೂತಿದ್ದರು. ಬಿಳಿ ಟೋಪಿ ಹಾಕಿಕೊಂಡು."

ಅಮ್ಮ ರೋಲೇಟರಿನ ಬ್ರೇಕು ಹಾಕಿದರು. ಆಮೇಲೆ ನನ್ನ ತಟ್ಟೆಗೆ ಇನ್ನೂ ಎರಡು ಪತ್ರೊಡೆ ಹಾಕಿದರು.

ಎರಡು ತಿಂಗಳ ನಂತರ, ಜನವರಿಯಲ್ಲಿ, ಅವರ ಮಗಳು ಫೋನ್ ಮಾಡಿದಳು. ನ್ಯೂವೆಗೈನ್‌ನ ಒಂದು ಕಂಪನಿಯಲ್ಲಿ ಕೆಲಸ ಮಾಡುವವಳು, ನನಗಿಂತ ಸ್ವಲ್ಪ ದೊಡ್ಡವಳು. ದನಿಯಲ್ಲಿ ಕೃತಜ್ಞತೆ ತುಂಬಿತ್ತು. ಅದನ್ನು ಕೇಳಿದಾಗಲೇ ನನಗೆ ಭಯವಾಗಬೇಕಿತ್ತು.

"ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಿಲ್ಲ. ಅಮ್ಮ ಒಂದು ವರ್ಷದಿಂದ ಸೋಫಾ ಬಿಟ್ಟು ಏಳ್ತಾ ಇರ್ಲಿಲ್ಲ. ಮಂಡಿ ಆಪರೇಷನ್ ಆಯ್ತಲ್ಲ, ಫಿಸಿಯೋ ದಿನಾ ನಡೀರಿ ಅಂದ್ರೆ ಬರೀ ನೆವ ಹೇಳೋರು. ಆ ಫಂಕ್ಷನ್ನಿಗೂ ನಾನೇ ಬೈದು ಎಳ್ಕೊಂಡು ಬಂದಿದ್ದು. ಅವತ್ತು ನೀವು ಮನೆ ಇದೆ ಅಂದ್ರಲ್ಲ, ಮರುದಿನದಿಂದ ಡೈಲಿ ವಾಕಿಂಗು! ಮಳೆ ಬಂದ್ರೂ ಬಿಡಲ್ಲ. ಟಾಂಗಾಕ್ಕೆ ಹೋಗೋಕೆ ಪ್ರಾಕ್ಟೀಸಂತೆ."

"ಹೋಗೋದಕ್ಕಾ?"

"ಮಾರ್ಚಲ್ಲಿ. ನಾನು ರಜಾ ಹಾಕಿದ್ದೀನಿ, ಟಿಕೆಟ್ ಈ ವೀಕೆಂಡ್ ಬುಕ್ ಮಾಡ್ತೀನಿ. ಮತ್ತೆ ಆ ಅಜ್ಜ ಇದ್ದಾರಲ್ಲ, ಬಿಳಿ ಟೋಪಿಯವರು? ಆಗಿನ ಪಕ್ಕದ ಮನೆ ಹುಡುಗನೇ ಇರ್ಬೇಕು ಅಂತಾರೆ ಅಮ್ಮ. ಅವರಿಗೆ ಸೈಕಲ್ ಕಲಿಸಿದವನಂತೆ. ಅವನಿಗೆ ಅಂತ ಒಂದು ಡಬ್ಬ ಸ್ಟ್ರೋಪ್‌ವಾಫಲ್ ತಂದು ಆಗಲೇ ಸೂಟ್‌ಕೇಸಲ್ಲಿ ಇಟ್ಟಾಗಿದೆ!"

ನಾನು ಸೃಷ್ಟಿಸಿದ ಅಜ್ಜನಿಗೆ ಸಕ್ಕರೆಪಾಕದ ಬಿಸ್ಕತ್ತಿನ ಡಬ್ಬ ಸಿಕ್ಕಿತ್ತು. ಫೋನ್ ಇಟ್ಟು, ಮೂರು ವರ್ಷದ ಹಿಂದಿನ ದಿನಚರಿಯನ್ನು ಹುಡುಕಿ ತೆಗೆದೆ. ಅವನು ನಿಜವಾಗಿಯೂ ಇದ್ದಿರಬಹುದು, ಬಾಗಿಲೂ ಇದ್ದಿರಬಹುದು ಎಂಬ ಆಸೆ ಇನ್ನೂ ಉಳಿದಿತ್ತು. ಆ ಭಾನುವಾರದ ಪುಟದಲ್ಲಿ ನನ್ನದೇ ಕೈಬರಹ ಹೀಗಿತ್ತು:

'ಆರನೇ ಬೀದಿ. ಕಬ್ಬಿನ ಹಾಲು, ಶುಂಠಿ ಮತ್ತು ನಿಂಬೆ ಹಾಕಿದ್ದು, ಎರಡು ಲೋಟ. ಚಪ್ಪಲಿ ಕಿತ್ತುಹೋಯಿತು. ಬಿಸಿಲು. ಮುಂದೆಯೂ ಇಂಥದೇ ಬೀದಿ ಇರಬೇಕು. ಆಟೋದಲ್ಲಿ ವಾಪಸ್.'

ಕಾಲ್ನಡಿಗೆಯ ಅನ್ವೇಷಣೆ ಆಟೋದಲ್ಲಿ ಮುಗಿದಿತ್ತು. ಅದೂ ನಮ್ಮ ದೇಶದಲ್ಲೇ ತಯಾರಾದ ಆಟೋ. ಅದನ್ನೂ ನಾನು ಮರೆತಿದ್ದೆ, ಅಥವಾ ಮರೆಯುವುದು ಅನುಕೂಲವಾಗಿತ್ತು. 'ಮುಂದೆಯೂ ಇಂಥದೇ ಬೀದಿ ಇರಬೇಕು' ಎಂಬ ಸಾಲನ್ನು ಹಲವು ಸಲ ಓದಿದೆ. ಗೊತ್ತಿಲ್ಲದ ಮುಖ ನೋಡಲು ಹೋದವರು ಬರೆಯುವ ಸಾಲು ಇದು.

ಈಗ ಪ್ರಶ್ನೆ ಸರಳವಾಗಿತ್ತು. ಸುಮ್ಮನಿದ್ದರೆ ಎಪ್ಪತ್ತೆಂಟು ವರ್ಷದ ಹೆಂಗಸು ಎರಡು ವಿಮಾನ ಬದಲಿಸಿ, ನಾನು ನೋಡದ ಬಾಗಿಲಿನ ಮುಂದೆ, ಇಲ್ಲದ ಅಜ್ಜನಿಗಾಗಿ ಡಬ್ಬ ಹಿಡಿದು ನಿಲ್ಲುತ್ತಾರೆ. ನಿಜ ಹೇಳಿದರೆ ಮತ್ತೆ ಸೋಫಾದಲ್ಲಿ ಕೂರುತ್ತಾರೆ, ಕೂತಲ್ಲೇ ಉಳಿಯಲೂಬಹುದು. ಸುಳ್ಳಿನಿಂದ ಅವರ ಮಂಡಿಗೆ ಗುಣವಾಗುತ್ತಿದೆ ಎಂಬ ವಾದವನ್ನು ಎರಡು ದಿನ ಬಹಳ ಪ್ರೀತಿಯಿಂದ ಸಾಕಿದೆ. ವಿಶ್ವವಿದ್ಯಾಲಯದ ಶಿಕ್ಷಣದಿಂದ ಇಂಥ ಉಪಯೋಗಗಳಿವೆ.

ಆಫೀಸಿನಲ್ಲಿ ನನ್ನ ಎದುರು ಕೂರುವ ಡಚ್ ಸಹೋದ್ಯೋಗಿಗೆ ಎಲ್ಲವನ್ನೂ ವಿವರಿಸಿ, ಪತ್ರೊಡೆ ಎಂದರೇನು ಎಂದೂ ವಿವರಿಸಿ, ಏನು ಮಾಡಲಿ ಎಂದು ಕೇಳಿದೆ. ಚೀಸು ಬ್ರೆಡ್ಡು ತಿನ್ನುತ್ತಿದ್ದವನು, "ನೀನು ಸುಳ್ಳು ಹೇಳಿದ್ದೀಯ. ಹೋಗಿ ಹೇಳು," ಎಂದು ಮತ್ತೆ ತಿನ್ನತೊಡಗಿದ. ಇವರ ಈ ನೇರ ಮಾತಿನ ಬಗ್ಗೆ ನಾವು ಕನ್ನಡದವರು ಸೇರಿದಾಗಲೆಲ್ಲ ದೂರುತ್ತೇವೆ. ಎರಡು ವಾಕ್ಯದಲ್ಲಿ ಮುಗಿಯುವುದನ್ನು ಎರಡು ವಾಕ್ಯದಲ್ಲೇ ಮುಗಿಸಿಬಿಡುತ್ತಾರಲ್ಲ ಎಂಬುದೇ ನಮ್ಮ ದೂರು.

ಶನಿವಾರ ಬೆಳಿಗ್ಗೆ ರೈಸ್‌ವೈಕ್‌ಗೆ ಹೋದೆ. ಮಗಳು ಬಾಗಿಲು ತೆಗೆದು, "ಅಮ್ಮ ವಾಕಿಂಗ್ ಹೊರಟಿದ್ದಾರೆ, ನೀವೂ ಜೊತೆಗೆ ಹೋಗಿ, ಅಷ್ಟರಲ್ಲಿ ನಾನು ಟಿಕೆಟ್ ನೋಡ್ತೀನಿ," ಎಂದಳು. ಹೇಳಬೇಕಾದ್ದನ್ನು ಅಲ್ಲೇ ಹೇಳಬಹುದಿತ್ತು. ಕೋಟಿನ ಗುಂಡಿ ಹಾಕಿಕೊಂಡು ಹೊರಗೆ ಬಂದೆ.

ಅಮ್ಮ ಸ್ವೆಟರಿನ ಮೇಲೆ ಸೆರಗು ಸುತ್ತಿ, ಅದರ ಮೇಲೆ ಮಗಳ ಮಳೆಕೋಟು ಹಾಕಿಕೊಂಡು ಮುಂದೆ ನಡೆದರು. ಮನೆಯ ಮುಂದಿನ ಕಾಲುವೆಯ ಪಕ್ಕ ದೀಪದ ಕಂಬಗಳ ಸಾಲು. ಮೊದಲನೆಯದನ್ನು ಕೈಯಿಂದ ಮುಟ್ಟಿ, "ಇದು ಒಂದನೇ ಬೀದಿ," ಎಂದರು.

"ಅಂದ್ರೆ?"

"ಫಿಸಿಯೋ ಹೇಳಿದ್ದು, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ ಅಂತ. ಸುಮ್ಮನೆ ಕಂಬ ಎಣಿಸುದು ಎಂತಕೆ? ನಮ್ಮ ಬೀದಿ ಎಣಿಸಿದರೆ ಆಯ್ತಲ್ಲ. ಈಗ ಆರರವರೆಗೆ ಬರ್ತದೆ. ಏಳನೇದು ಸೇತುವೆಯ ಆಚೆ. ಏರು ಉಂಟಲ್ಲ, ಕಾಲು ಎಳೆಯುದಿಲ್ಲ."

ದಾರಿಯುದ್ದಕ್ಕೂ ಅವರು ನನಗೆ ಊರು ತೋರಿಸಿದರು. ಎರಡನೇ ಕಂಬದ ಎದುರಿನ ಮನೆಯವರು ಗಾಜಿನ ಕೋಣೆಯಲ್ಲಿ ಕರಿಬೇವು ಬೆಳೆಸಿದ್ದಾರೆ, ಕೇಳಿದರೆ ಕೊಡುತ್ತಾರೆ. ಮೂರನೇ ಕಂಬದ ಪಕ್ಕದ ಗಲ್ಲಿಯಲ್ಲಿ ಸುರಿನಾಮಿನವರ ಅಂಗಡಿಯಿದೆ. ಪತ್ರೊಡೆಗೆ ಕೆಸುವಿನ ಎಲೆ ಅಲ್ಲಿಯದೇ. ನಾಲ್ಕನೆಯದರ ಬಳಿ ಬೆಂಚಿನ ಮೇಲೆ ಒಬ್ಬ ಡಚ್ ಮುದುಕ ದಿನವೂ ಕೂತಿರುತ್ತಾನೆ. ಇವರನ್ನು ಕಂಡು ಕೈ ಎತ್ತಿದ. ಅಮ್ಮ ನಿಂತು, ಅವನ ಮಂಡಿಯನ್ನು ಬೆರಳಿನಲ್ಲಿ ತೋರಿಸಿ ಹೇಗಿದೆ ಎಂಬಂತೆ ತಲೆ ಆಡಿಸಿದರು. ಅವನು ಇವರ ಮಂಡಿ ತೋರಿಸಿ ಅದನ್ನೇ ಕೇಳಿದ. ಭಾಷೆಯಿಲ್ಲದೆ ಎರಡೂ ಕಡೆಯ ಸುದ್ದಿ ವಿಚಾರಣೆ ಮುಗಿಯಿತು. ನಾನು ಈ ದೇಶಕ್ಕೆ ಬಂದು ಒಂಬತ್ತು ವರ್ಷವಾಗಿದೆ. ರೈಸ್‌ವೈಕ್ ಎಂದರೆ ನನಗೆ ರೈಲು ನಿಲ್ದಾಣ ಮತ್ತು ಆ ಸಭಾಂಗಣ ಮಾತ್ರ ಗೊತ್ತಿತ್ತು.

ಐದನೆಯ ಕಂಬದ ಹತ್ತಿರ ಅವರು, "ಆ ಅಜ್ಜನಿಗೆ ಹಲ್ಲು ಉಂಟಾ? ಬಿಸ್ಕೆಟ್ ಗಟ್ಟಿ ಇದ್ದ ಹಾಗೆ ಕಾಣ್ತದೆ," ಎಂದು ಕೇಳಿದರು. ನಾನು ಕಾಲುವೆಯಲ್ಲಿದ್ದ ಬಾತುಕೋಳಿಗಳನ್ನು ನೋಡಿದೆ.

ಆರನೆಯ ಕಂಬ ಬಂತು. ಅಮ್ಮ ಬ್ರೇಕು ಹಾಕಿ ರೋಲೇಟರಿನ ಸೀಟಿನ ಮೇಲೆ ಕೂತು ಉಸಿರು ಬಿಟ್ಟರು. ಮುಂದೆ ಸೇತುವೆಯ ಏರು.

"ಅಮ್ಮ, ನಿಮ್ಮ ಹತ್ರ ಒಂದು ವಿಷಯ ಹೇಳಬೇಕು."

"ಹೇಳಿ."

"ನಾನು ಏಳನೇ ಬೀದಿಗೆ ಹೋಗಿರಲಿಲ್ಲ. ಆರನೇ ಬೀದಿಯಿಂದ ವಾಪಸ್ ಬಂದುಬಿಟ್ಟೆ. ಅವತ್ತು ನೀವು ಕೇಳಿದಾಗ ನೋಡಿದ ಹಾಗೇ ಅನಿಸ್ತು. ಮೊನ್ನೆ ಡೈರಿ ತೆಗೆದು ನೋಡಿದರೆ, ಹೋಗೇ ಇಲ್ಲ."

ಅವರು ನನ್ನನ್ನು ನೋಡಲಿಲ್ಲ. ಬ್ರೇಕಿನ ಹಿಡಿಕೆಯನ್ನು ಒಮ್ಮೆ ಬಿಟ್ಟು ಮತ್ತೆ ಹಾಕಿದರು.

"ಹಸಿರು ಬಾಗಿಲು?"

"ನೋಡಿಲ್ಲ ಅಮ್ಮ."

"ಜಗಲಿ?"

"ಇಲ್ಲ."

"ಅಜ್ಜ?"

"ಅಜ್ಜನೂ ಇಲ್ಲ."

"ಬಿಳಿ ಟೊಪ್ಪಿ?"

"ಟೋಪಿಯೂ ಇಲ್ಲ ಅಮ್ಮ."

"ಟೊಪ್ಪಿ ಎಂತಕೆ ಇಟ್ಟದ್ದು ಹಾಗಾದರೆ?"

ಒಬ್ಬಳು ಸೈಕಲ್ಲಿನಲ್ಲಿ ಗಂಟೆ ಬಾರಿಸುತ್ತ ನಮ್ಮನ್ನು ದಾಟಿ ಸೇತುವೆ ಏರಿದಳು. ನಾನು ನನ್ನ ಮನಸ್ಸಿನಲ್ಲಿ ಕ್ಷಮಾಪಣೆಯ ವಾಕ್ಯಗಳನ್ನು ಜೋಡಿಸುತ್ತಿದ್ದೆ. ಅವು ಒಂದಕ್ಕಿಂತ ಒಂದು ಚೆನ್ನಾಗಿ ಬರುತ್ತಿದ್ದವು. ಅದನ್ನು ಗಮನಿಸಿ ಸುಮ್ಮನಾದೆ.

"ಆ ಪಕ್ಕದ ಮನೆಯ ಹುಡುಗ ಇನ್ನೂ ಇದ್ದಾನೆ ಅಂತ ನಾನು ಮಾಡಿದ್ದೆ," ಎಂದರು ಕೊನೆಗೆ. ಅದು ನನಗೆ ಹೇಳಿದ ಹಾಗಿರಲಿಲ್ಲ. ಮತ್ತೆ ನನ್ನ ಕಡೆ ತಿರುಗಿ, "ಆರನೇ ಬೀದಿಯಲ್ಲಿ ಎಂತ ಮಾಡಿದ್ರಿ? ಅಲ್ಲಿಗಾದರೂ ಹೋಗಿದ್ದೀರಾ?"

"ಹೋಗಿದ್ದೆ. ಕಬ್ಬಿನ ಹಾಲು ಕುಡಿದೆ."

"ಶುಂಠಿ ಹಾಕಿದ್ರಾ?"

"ಹಾಕಿದ್ದರು. ಶುಂಠಿ, ನಿಂಬೆ. ಎರಡು ಲೋಟ ಕುಡಿದೆ. ಇದು ಬರೆದಿಟ್ಟಿದ್ದೇನೆ ಅಮ್ಮ."

"ಆಮೇಲೆ?"

"ಚಪ್ಪಲಿ ಕಿತ್ತುಹೋಯ್ತು. ಆಟೋದಲ್ಲಿ ವಾಪಸ್."

"ಆರನೇ ಬೀದಿಯಿಂದ ನಮ್ಮ ಮನೆಗೆ ಎಷ್ಟು ದೂರ ಗೊತ್ತುಂಟಾ? ಅಮ್ಮ ಒಳಗಿಂದ ಕರೆದರೆ ಆರನೇ ಬೀದಿಯಲ್ಲಿ ಆಡುವ ನನಗೆ ಕೇಳ್ತಿತ್ತು. ಅಷ್ಟೇ ದೂರ. ಚಪ್ಪಲಿ ಕಿತ್ತರೆ ಕೈಯಲ್ಲಿ ಹಿಡ್ಕೊಂಡು ಬರುದಪ್ಪ!"

ಅವರು ಎದ್ದು ನಿಂತು ರೋಲೇಟರನ್ನು ತಿರುಗಿಸಿಕೊಂಡರು. ಮನೆಯ ಕಡೆ ಹೊರಟರು ಎಂದುಕೊಂಡು ನಾನೂ ತಿರುಗಿದೆ.

"ನೀವು ಎಲ್ಲಿಗೆ?"

"ಮನೆಗಲ್ವಾ ಅಮ್ಮ? ಆರಾಯ್ತಲ್ಲ."

"ಆರರವರೆಗೆ ಬಂದು ಹಿಂದೆ ಹೋಗುದಾ, ನಿಮ್ಮ ಹಾಗೆ?"

ಸೇತುವೆಯ ಏರಿನಲ್ಲಿ ಅವರು ಮೂರು ಸಲ ನಿಂತರು. ಕೈ ಹಿಡಿಯಲು ಹೋದರೆ ಬೇಡ ಎಂದರು. ನನ್ನನ್ನು ಮುಂದೆ ಹೋಗಿ ಕಂಬದ ಹತ್ತಿರ ನಿಲ್ಲಲು ಹೇಳಿದರು. "ಈ ಸಲ ಸರಿಯಾಗಿ ನೋಡಿ. ಆಮೇಲೆ ಮನೆಯಲ್ಲಿ ಸಾಕ್ಷಿ ಹೇಳ್ಬೇಕು." ನಾನು ಹೋಗಿ ನಿಂತೆ. ಏಳನೆಯ ಕಂಬವನ್ನು ಅವರು ಅಂಗೈಯಿಂದ ಎರಡು ಸಲ ತಟ್ಟಿದರು. ಬೂದು ಬಣ್ಣದ ಕಂಬ. ಕೆಳಗೆ ಯಾರದೋ ಕಳೆದುಹೋದ ಬೆಕ್ಕಿನ ಚಿತ್ರ ಅಂಟಿಸಿದ್ದರು. ಅದನ್ನು ಅಲ್ಲೇ ಫೋನಿನಲ್ಲಿ ಬರೆದುಕೊಂಡೆ.

ಅಲ್ಲಿಂದ ವಾಪಸ್ ಬಂದೆವು. ಮನೆಯೊಳಗೆ ಮಗಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಅಮ್ಮ ಮಳೆಕೋಟು ಬಿಚ್ಚುತ್ತ ಹೇಳಿದರು:

"ಇವರು ಮನೆ ನೋಡ್ಲಿಲ್ಲಂತೆ."

ಮಗಳು ನನ್ನ ಮುಖ ನೋಡಿದಳು. "ವಾಟ್ ಡು ಯು ಮೀನ್, ನೋಡ್ಲಿಲ್ಲ? ಫೋಟೋ ತೋರಿಸಿದ್ರಲ್ಲ? ಅಲ್ಲ, ನಿಮ್ಮ ಮಾತು ಕೇಳಿ ನಾನು ಆಫೀಸಲ್ಲಿ ರಜಾ ಹಾಕಿ..." ಮುಂದೆ ಅವಳು ಹೇಳಿದ್ದೆಲ್ಲ ದಿನಚರಿಯಲ್ಲಿದೆ. ಎಲ್ಲವೂ ನ್ಯಾಯವಾದದ್ದೇ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ. ಕೊನೆಗೆ ಲ್ಯಾಪ್‌ಟಾಪ್ ಮುಚ್ಚಿ, "ಬಿಡಮ್ಮ. ಕ್ಯಾನ್ಸಲ್ ಮಾಡೋಣ. ಅಲ್ಲಿ ಏನಿದೆಯೋ ಏನಿಲ್ವೋ," ಎಂದಳು.

"ಎಂತಕೆ ಕ್ಯಾನ್ಸಲ್? ಟಿಕೆಟ್ ಮಾಡು," ಎಂದರು ಅಮ್ಮ. "ಇವರು ನೋಡ್ಲಿಲ್ಲ. ಯಾರಾದರೂ ನೋಡ್ಬೇಕಲ್ಲ."

ನಾನು ಹೊರಡುವಾಗ ಅವರು ಒಳಗೆ ಹೋಗಿ ಸೂಟ್‌ಕೇಸಿನಿಂದ ಸ್ಟ್ರೋಪ್‌ವಾಫಲ್ ಡಬ್ಬ ತಂದು ನನ್ನ ಕೈಗಿತ್ತರು.

"ಇದು ನಿಮ್ಮ ಅಜ್ಜನಿಗೆ ತಂದದ್ದು. ಸಿಕ್ಕಿದರೆ ಕೊಡಿ."

ಡಬ್ಬ ನನ್ನ ಅಡುಗೆಮನೆಯ ಕಪಾಟಿನಲ್ಲಿದೆ. ತೆರೆಯುವ ಧೈರ್ಯವಾಗಿಲ್ಲ.

ಮಾರ್ಚಿನ ಒಂದು ಮಧ್ಯಾಹ್ನ, ಗೋದಾಮುಗಳ ಬಗ್ಗೆ ಪಾಠ ಮುಗಿಸಿ ಬಂದಾಗ ಫೋನಿಗೆ ಮಗಳ ನಂಬರಿನಿಂದ ಒಂದು ಚಿತ್ರ ಬಂದಿತ್ತು. ಕಲ್ಲಿನ ಜಗಲಿಯ ಮೇಲೆ ಅಮ್ಮ ಕೂತಿದ್ದಾರೆ. ತೊಡೆಯ ಮೇಲೆ ಕಬ್ಬಿನ ಹಾಲಿನ ಲೋಟ. ಪಕ್ಕದಲ್ಲಿ ಯಾರೂ ಇಲ್ಲ. ಜೊತೆಗೆ ಅಮ್ಮನದೇ ದನಿಯ ಸಂದೇಶ: "ಜಗಲಿ ಉಂಟು. ಆಗ ಕಾಲು ನೆಲಕ್ಕೆ ಮುಟ್ತಿರ್ಲಿಲ್ಲ, ಈಗ ಮುಟ್ತದೆ. ಪಕ್ಕದ ಮನೆಯವರು ಯಾರೂ ಇಲ್ಲ, ಎಲ್ಲಿಗೆ ಹೋದದ್ದು ಅಂತ ಯಾರಿಗೂ ಗೊತ್ತಿಲ್ಲ. ನಾಳೆಯೂ ಬರ್ತೇನೆ. ಕೇಳ್ತೇನೆ."

ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಗೋಡೆಯಿದೆ, ಒಂದು ಸೈಕಲ್ಲಿನ ಹಿಂದಿನ ಚಕ್ರವಿದೆ. ಬಾಗಿಲು ಚೌಕಟ್ಟಿನೊಳಗೆ ಬಂದಿಲ್ಲ. ನನ್ನ ಕಣ್ಣಿನೊಳಗಿನ ಬಾಗಿಲು ಮಾತ್ರ ಆಗಲೂ ಹಸಿರಾಗಿ, ಚಕ್ಕೆಯೆದ್ದು, ಗಟ್ಟಿಯಾಗಿ ನಿಂತಿತ್ತು. ತಡೆಯಲಾಗದೆ, ಬಾಗಿಲು ಯಾವ ಬಣ್ಣ ಅಮ್ಮ ಎಂದು ಬರೆದು ಕಳಿಸಿದೆ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು.

"ನೀವು ನೋಡಿದ್ದೀರಲ್ಲ ಮಾರಾಯ್ರೇ."